ಗುಜರಿಯಲ್ಲಿ ಹುಟ್ಟಿದ ಬಂಡಿ

ಮಕ್ಕಳೇ! ಮಕ್ಕಳೇ ಅಂದದ್ದಕ್ಕೆ ಕಾಲೇಜಿಗೆ ಹೋಗುವವರು ಬೇಸರ ಮಾಡಿಕೊಳ್ಳಬೇಡಿ, ನನ್ನ ಮಗನೂ ನಿಮ್ಮ ವಯಸ್ಸಿನವನೇ. ಈ ಚಳಿಗಾಲ ಅವನು ನಮ್ಮ ಮನೆಯಲ್ಲಿ ಇದ್ದದ್ದಕ್ಕಿಂತ ಪಕ್ಕದ ಮನೆಯ ಗ್ಯಾರೇಜಿನಲ್ಲಿ ಇದ್ದದ್ದೇ ಹೆಚ್ಚು. ಅಲ್ಲಿಯ ಅಜ್ಜ ಕ್ವಿಬೆಕ್ ಕಡೆಯವರು. ಯಾರದೋ ಕೊಟ್ಟಿಗೆಯಲ್ಲಿ ಬಹಳ ವರ್ಷ ಬಿದ್ದಿದ್ದ, 1970ರ ದಶಕದ ಹಳದಿ ಬಣ್ಣದ ಸ್ಕೀ-ಡೂ ಎಲಾನ್ ಸ್ನೋಮೊಬೈಲೊಂದನ್ನು ತಂದು ರಿಪೇರಿಗೆ ಕೂತಿದ್ದಾರೆ. ನನ್ನ ಮಗ ಅವರ ಸ್ಪ್ಯಾನರ್ ಹಿಡಿಯುವ ಹುಡುಗ.

ಒಂದು ಸಂಜೆ ಇಬ್ಬರಿಗೂ ಕಾಫಿ ಕೊಡಲು ಹೋಗಿದ್ದೆ. ಮಗ ಹೇಳಿದ: "ಅಮ್ಮ, ಇದನ್ನ ಕಂಡುಹಿಡಿದವರ ಮಗ ರಸ್ತೆ ತುಂಬ ಹಿಮ ಬಿದ್ದು ಆಸ್ಪತ್ರೆಗೆ ಹೋಗಲಾಗದೆ ತೀರಿಕೊಂಡನಂತೆ. ಅದಕ್ಕೇ ಅವರು ಇದನ್ನ ಮಾಡಿದರಂತೆ." ಅಜ್ಜ ಕೈ ಒರೆಸಿಕೊಳ್ಳುತ್ತಾ, "ಕಥೆ ಅಷ್ಟು ಸುಲಭ ಅಲ್ಲ" ಅಂದರು. ಮನೆಗೆ ಬಂದು ಓದಿ ನೋಡಿದೆ. ನಿಜಕ್ಕೂ ಅಷ್ಟು ಸುಲಭ ಅಲ್ಲ.

ಜೋಸೆಫ್-ಅರ್ಮಾನ್ ಬೊಂಬಾರ್ಡಿಯರ್ ಹುಟ್ಟಿದ್ದು 1907ರಲ್ಲಿ, ಕ್ವಿಬೆಕ್‌ನ ವಾಲ್ಕೂರ್ ಎಂಬ ಊರಿನಲ್ಲಿ. ವಿಮಾನಗಳ ಮೇಲೆ, ರೈಲು ಬೋಗಿಗಳ ಮೇಲೆ ನೀವು ಓದಿರುವ ಬೊಂಬಾರ್ಡಿಯರ್ ಅದೇ ಹೆಸರು. ಆಗ ಅಲ್ಲಿಯ ಹಳ್ಳಿಗಳಲ್ಲಿ ಚಳಿಗಾಲದ ರಸ್ತೆಗಳ ಹಿಮವನ್ನು ಯಾರೂ ತೆಗೆಯುತ್ತಿರಲಿಲ್ಲ. ಕಾರಿದ್ದವರು ಅದನ್ನು ಮೂಲೆಯಲ್ಲಿ ನಿಲ್ಲಿಸಿ, ವಸಂತದವರೆಗೆ ಕುದುರೆಯ ಜಾರುಬಂಡಿಯಲ್ಲಿ ಓಡಾಡುತ್ತಿದ್ದರು. 15 ವರ್ಷದ ಹುಡುಗನಾಗಿದ್ದಾಗ, 1922ರ ಕೊನೆಯ ದಿನ, ಬೊಂಬಾರ್ಡಿಯರ್ ಹಳೆಯ ಫೋರ್ಡ್ ಮಾಡೆಲ್-ಟಿ ಕಾರಿನ ಎಂಜಿನ್ನನ್ನು ಜಾರುಬಂಡಿಗೆ ಕಟ್ಟಿ, ಹಿಂದೆ ವಿಮಾನಕ್ಕಿರುವಂಥ ಪಂಖ ಸಿಕ್ಕಿಸಿ, ತಮ್ಮನ ಜೊತೆ ಊರೊಳಗೆ ಓಡಿಸಿದರು. ರಕ್ಷಣೆಯೇ ಇಲ್ಲದೆ ತಿರುಗುವ ಪಂಖ! ಅಪ್ಪ ಕೂಡಲೇ ಬಿಚ್ಚಿಹಾಕಿಸಿದರು. ಅಮ್ಮಂದಿರ ಪರವಾಗಿ ಹೇಳುತ್ತೇನೆ, ಸರಿಯಾಗಿಯೇ ಮಾಡಿದರು.

1926ರಲ್ಲಿ, ಹತ್ತೊಂಬತ್ತನೆಯ ವಯಸ್ಸಿಗೆ, ಸ್ವಂತ ಗ್ಯಾರೇಜು ತೆರೆದರು. ಬೇಸಿಗೆಯಲ್ಲಿ ಊರವರ ಕಾರು ರಿಪೇರಿ, ಚಳಿಗಾಲದಲ್ಲಿ ಹಿಮದ ಬಂಡಿಯ ಪ್ರಯೋಗ. ಒಂದು ಓಡಲಿಲ್ಲ, ಇನ್ನೊಂದು ಮೆತ್ತನೆ ಹಿಮದಲ್ಲಿ ಹೂತುಹೋಯಿತು. ಹೀಗೇ ವರ್ಷಗಳು ಕಳೆದವು. 1934ರ ಚಳಿಗಾಲದಲ್ಲಿ ಅವರ ಎರಡು ವರ್ಷದ ಮಗ ಇವೋನ್‌ಗೆ ಹೊಟ್ಟೆಯಲ್ಲಿ ಸೋಂಕಾಯಿತು. ಆಸ್ಪತ್ರೆಯಿದ್ದದ್ದು ಶೆರ್‌ಬ್ರೂಕ್‌ನಲ್ಲಿ, ಸುಮಾರು 50 ಕಿಲೋಮೀಟರ್ ದೂರ. ರಸ್ತೆಯೆಲ್ಲ ಹಿಮ. ಗ್ಯಾರೇಜಿನಲ್ಲಿ ಪ್ರಯೋಗದ ಬಂಡಿ ಇತ್ತು, ಆದರೆ ಅಂದು ಅದು ಓಡುವ ಸ್ಥಿತಿಯಲ್ಲಿರಲಿಲ್ಲ. ಮಗು ಉಳಿಯಲಿಲ್ಲ.

ನೋಡಿ, "ಮಗ ಸತ್ತ, ಅಪ್ಪ ಕಂಡುಹಿಡಿದ" ಅಂದರೆ ಕೇಳಲು ಚೆನ್ನಾಗಿರುತ್ತದೆ, ಕಾರಣ-ಕಾರ್ಯ ಹೊಂದಿಕೊಳ್ಳುತ್ತದೆ. ಆದರೆ ಆ ಅಪ್ಪ ಅಷ್ಟು ಹೊತ್ತಿಗೆ ಹನ್ನೊಂದು-ಹನ್ನೆರಡು ವರ್ಷದಿಂದ ಅದೇ ಕೆಲಸದಲ್ಲಿದ್ದರು. ಕೆಲಸ ಮುಗಿದಿರಲಿಲ್ಲ, ಅಷ್ಟೇ. ನನಗಂತೂ ಇದು ಮೊದಲನೆಯ ಕಥೆಗಿಂತ ಭಾರವಾಗಿ ಕಾಣುತ್ತದೆ.

ಮುಂದಿನ ಮೂರೇ ವರ್ಷದಲ್ಲಿ ದಾರಿ ಸಿಕ್ಕಿತು. ರಬ್ಬರ್ ಹೊದಿಸಿದ ಹಲ್ಲಿನ ಚಕ್ರ, ಅದು ಎಳೆಯುವ ಅಗಲವಾದ ಪಟ್ಟಿ. ಬಂಡಿಯ ಭಾರ ನಾಲ್ಕು ಚಕ್ರದ ಮೇಲೆ ನಿಲ್ಲದೆ ಇಡೀ ಪಟ್ಟಿಯ ಮೇಲೆ ಹರಡುತ್ತದೆ, ಆದ್ದರಿಂದ ಹೂತುಹೋಗುವುದಿಲ್ಲ. ಇದಕ್ಕೆ 1937ರಲ್ಲಿ ಪೇಟೆಂಟ್ ಬಂತು. ಏಳು ಜನ ಕೂರುವ ಬಿ-7, ಆಮೇಲೆ 1942ರಲ್ಲಿ ಹಡಗಿನಂತೆ ದುಂಡು ಕಿಟಕಿಗಳಿದ್ದ, ಹನ್ನೆರಡು ಜನರ ಬಿ-12. ವೈದ್ಯರು ಇದರಲ್ಲಿ ರೋಗಿಗಳ ಮನೆಗೆ ಹೋದರು, ಅಂಚೆ ಹೋಯಿತು, ಮಕ್ಕಳು ಶಾಲೆಗೆ ಹೋದರು, ಆಂಬುಲೆನ್ಸ್ ಆಗಿಯೂ ಓಡಿತು. 1940ರ ದಶಕದ ಕೊನೆಗೆ ಕ್ವಿಬೆಕ್ ಸರ್ಕಾರವೇ ರಸ್ತೆಗಳ ಹಿಮ ತೆಗೆಸತೊಡಗಿದಾಗ ದೊಡ್ಡ ಬಂಡಿಗಳ ಮಾರಾಟ ಕುಸಿಯಿತು. ಒಬ್ಬಿಬ್ಬರು ಕೂರುವ ಸಣ್ಣ ಬಂಡಿಯ ಹಳೆಯ ಆಸೆಗೆ ಹಗುರವಾದ ಎಂಜಿನ್ ಬೇಕಿತ್ತು. ಅದು ಸಿಕ್ಕಿ, ಸ್ಕೀ-ಡೂ ಮಾರುಕಟ್ಟೆಗೆ ಬಂದದ್ದು 1959ರಲ್ಲಿ. ನಾಯಿ ಎಳೆಯುವ ಬಂಡಿಯ ಬದಲು ಇದು ಎಂದು "ಸ್ಕೀ-ಡಾಗ್" ಎಂಬ ಹೆಸರಿಡಬೇಕೆಂದಿದ್ದರು, ಅಚ್ಚಿನಲ್ಲಿ ಜಿ ಅಕ್ಷರ ಓ ಆಗಿ "ಸ್ಕೀ-ಡೂ" ಆಯಿತು ಎಂಬ ಕಥೆಯಿದೆ. ತಾಳೆಗರಿ ನಕಲು ಮಾಡುವವನ ಕೈತಪ್ಪಿನಿಂದ ಹುಟ್ಟಿದ ಪಾಠಾಂತರಗಳನ್ನು ಎಂ.ಎ. ತರಗತಿಯಲ್ಲಿ ಲೆಕ್ಕವಿಲ್ಲದಷ್ಟು ಓದಿದವಳು ನಾನು, ಹಾಗಾಗಿ ಈ ಕಥೆ ನಂಬಲು ನನಗೆ ಆಸೆ. ಬೊಂಬಾರ್ಡಿಯರ್ 1964ರಲ್ಲಿ, 56ನೆಯ ವಯಸ್ಸಿಗೆ ತೀರಿಕೊಂಡರು.

ಅವರೊಬ್ಬರೇ ಅಲ್ಲ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಕಾರ್ಲ್ ಎಲಿಯಾಸನ್ 1924ರಲ್ಲಿ ಮೋಟಾರು ಜಾರುಬಂಡಿ ಮಾಡಿದಾಗ ಹಾಕಿದ್ದು ದೋಣಿಯ ಎಂಜಿನ್, ಸೈಕಲ್ಲಿನ ಬಿಡಿಭಾಗ, ಮಾಡೆಲ್-ಟಿಯ ಒಂದು ತುಂಡು ರೇಡಿಯೇಟರ್. 1950ರ ದಶಕದಲ್ಲಿ ಮಿನ್ನೆಸೋಟದ ಪೊಲಾರಿಸ್ ಅಂಗಡಿಯವರ ಮೊದಲ ಬಂಡಿಗೆ ಮುಂದಿನ ಸ್ಕೀ ಆದದ್ದು ಷೆವರ್ಲೆ ಕಾರಿನ ಬಂಪರ್! ಹಾಗಾಗಿ, ಗುಜರಿಯಿಂದ ಪಾರ್ಟ್ಸ್ ತಂದು ಸ್ನೋಮೊಬೈಲ್ ರಿಪೇರಿ ಮಾಡುವ ಅಜ್ಜ ಹೊಸದೇನೂ ಮಾಡುತ್ತಿಲ್ಲ. ಆ ಬಂಡಿ ಹುಟ್ಟಿದ್ದೇ ಹಾಗೆ.

ಎಲಾನ್‌ನ ಎಂಜಿನ್ ಜಾಮ್ ಆಗಿತ್ತು. ಸ್ಪಾರ್ಕ್ ಪ್ಲಗ್ ಬಿಚ್ಚಿ, ಒಳಗೆ ತುಕ್ಕು ಬಿಡಿಸುವ ಎಣ್ಣೆ ಸುರಿದು ಒಂದು ವಾರ ಬಿಟ್ಟರು. ಮಗ ದಿನಾ ಹೋಗಿ ತಿರುಗಿಸಿ ನೋಡುತ್ತಿದ್ದ. ಎಂಟನೆಯ ದಿನ ಸಡಿಲವಾಯಿತು. ಪಿಸ್ಟನ್ ಮೇಲೆ ಉದ್ದುದ್ದ ಗೀರು. ಸಿಲಿಂಡರನ್ನು ಕೂದಲೆಳೆಯಷ್ಟು ದೊಡ್ಡದಾಗಿ ಬೋರ್ ಮಾಡಿಸಿ, ಅದಕ್ಕೊಪ್ಪುವ ಪಿಸ್ಟನ್ ಹುಡುಕಿದ್ದಾಯಿತು. "ಸೀಲ್ ಬದಲಿಸದಿದ್ದರೆ ಇಷ್ಟೆಲ್ಲಾ ಮಾಡಿಯೂ ದಂಡ" ಅಂದರು ಅಜ್ಜ. ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಪೆಟ್ರೋಲು-ಗಾಳಿಯ ಮಿಶ್ರಣ ಕ್ರ್ಯಾಂಕ್‌ಕೇಸ್ ಮೂಲಕವೇ ಹೋಗುತ್ತದೆ. ಕ್ರ್ಯಾಂಕಿನ ತುದಿಯ ರಬ್ಬರ್ ಸೀಲ್ ಒಣಗಿ ಬಿರಿದಿದ್ದರೆ ಅಲ್ಲಿಂದ ಹೊರಗಿನ ಗಾಳಿ ನುಗ್ಗುತ್ತದೆ. ಪೆಟ್ರೋಲಿನಲ್ಲೇ ಬೆರೆತಿರುವ ಆಯಿಲ್ ಕೂಡ ಆಗ ಸಾಕಷ್ಟು ಸಿಗುವುದಿಲ್ಲ. ಎಂಜಿನ್ ಕಾಯುತ್ತದೆ, ಪಿಸ್ಟನ್ ಮತ್ತೆ ಸುಡುತ್ತದೆ. ಬೆರಳಿನಷ್ಟಗಲದ ರಬ್ಬರು!

ಟೂ-ಸ್ಟ್ರೋಕ್ ಅಂದಕೂಡಲೆ ನನಗೆ ಮೈಸೂರು ನೆನಪಾಗುತ್ತದೆ. ಅಲ್ಲಿ ಐಡಿಯಲ್ ಜಾವಾ ಕಾರ್ಖಾನೆಯಿತ್ತು. ನಮ್ಮಪ್ಪನ ಯೆಜ್ಡಿ ಅಲ್ಲಿಯದೇ. ಅದೂ ಒಂದೇ ಸಿಲಿಂಡರು, ಸುಮಾರು 250 ಸಿಸಿ, ಇದೂ ಅಷ್ಟೇ. 1961ರಲ್ಲಿ ಶುರುವಾದ ಆ ಕಾರ್ಖಾನೆ ಮುಚ್ಚಿದ್ದು 1996ರಲ್ಲಿ. ಎಲಾನ್ ತಯಾರಿಕೆ ನಿಂತದ್ದೂ 1996ರಲ್ಲೇ. ಇದು ಕಾಕತಾಳೀಯ, ಇದರಿಂದ ಏನೂ ಸಿದ್ಧವಾಗುವುದಿಲ್ಲ. ಆದರೂ ಗ್ಯಾರೇಜಿನಲ್ಲಿ ಆ ಎಣ್ಣೆಯ ವಾಸನೆಗೆ ನಾನು ಸ್ವಲ್ಪ ಹೊತ್ತು ಹೆಚ್ಚಿಗೆ ನಿಲ್ಲುತ್ತೇನೆ.

ಈಗ ಇಬ್ಬರಿಗೂ ಒಂದು ಜಗಳ ನಡೆದಿದೆ. ಪಟ್ಟಿ ಒಂದು ಹಳೆಯ ಎಲಾನ್‌ನಿಂದ ಬಂತು, ಸೀಟು ಇನ್ನೊಂದರಿಂದ. ಅದಕ್ಕೆ ಇಬ್ಬರ ತಕರಾರೂ ಇಲ್ಲ. ಸ್ಕೀ ಕೂರುವ ಜಾಗದಲ್ಲಿ ಹಿಂದಿನ ಯಜಮಾನರು ಯಾರೋ ಮಂಚದ ಕಬ್ಬಿಣದ ಪಟ್ಟಿಯೊಂದನ್ನು ಸೇರಿಸಿ ಒರಟಾಗಿ ವೆಲ್ಡಿಂಗ್ ಮಾಡಿದ್ದಾರೆ. ಮಗನಿಗೆ ಅದನ್ನು ಕಿತ್ತು ಅಸಲಿ ಪಾರ್ಟ್ ಹಾಕುವ ಆಸೆ. ಅಜ್ಜ ಒಪ್ಪುವುದಿಲ್ಲ. "ಯಾವುದೋ ಚಳಿಗಾಲದಲ್ಲಿ ಯಾರಿಗೋ ಮನೆ ಸೇರಬೇಕಾಗಿತ್ತು. ಅದು ಗಟ್ಟಿಯಾಗಿದೆ, ಇರಲಿ." ನಾನು ಅಜ್ಜನ ಪಕ್ಷ. ಹಳೆಯ ಪ್ರತಿಯ ಅಂಚಿನಲ್ಲಿ ಓದುಗನೊಬ್ಬ ಬರೆದದ್ದನ್ನು ಅಳಿಸುವ ಸಂಪಾದಕನನ್ನು ನಮ್ಮ ಮೇಷ್ಟ್ರು ಕ್ಷಮಿಸುತ್ತಿರಲಿಲ್ಲ.

ಮೊನ್ನೆ ಶನಿವಾರ ಹಗ್ಗ ಎಳೆದಾಗ ಹನ್ನೊಂದನೆಯ ಸಲಕ್ಕೆ ಎಂಜಿನ್ ಹೊತ್ತಿಕೊಂಡಿತು. ನೀಲಿ ಹೊಗೆ, ಬೀದಿಯೆಲ್ಲ ಸದ್ದು. ಎರಡು ನಿಮಿಷ ಓಡಿ ನಿಂತುಹೋಯಿತು. ಕಾರ್ಬುರೇಟರಿನ ಒಳಗಿನ ಡಯಾಫ್ರಂ ಗಟ್ಟಿಯಾಗಿದೆಯಂತೆ, ಹೊಸದು ತರಿಸಬೇಕು. ಬರುವಷ್ಟರಲ್ಲಿ ಹಿಮ ಕರಗಿರುತ್ತದೆ ಎಂದು ಮಗ ಮುಖ ಸಪ್ಪಗೆ ಮಾಡಿಕೊಂಡ. ಬೇಸಿಗೆಯಲ್ಲಿ ವಾಲ್ಕೂರ್‌ಗೆ ಕರೆದುಕೊಂಡು ಹೋಗುತ್ತೇನೆ ಎಂದಿದ್ದಾರೆ ಅಜ್ಜ. 1926ರ ಆ ಗ್ಯಾರೇಜನ್ನು ಅಲ್ಲಿಯ ಮ್ಯೂಸಿಯಂನಲ್ಲಿ ಉಳಿಸಿಕೊಂಡಿದ್ದಾರೆ. ಬುತ್ತಿ ಕಟ್ಟುವ ಕೆಲಸ ನನ್ನದು.