ಸೂರ್ಯನ ಬಳಿ ಸುಳಿದು ಸಿಡಿದ ಬಾಲಚುಕ್ಕಿಗಳು

ಬೆಳ್ತಂಗಡಿಯಲ್ಲಿ ನಿಂತು ನಸುಕಿನ ಧೂಮಕೇತು ನೋಡುವುದು ಸುಲಭವಲ್ಲ. ಸೂರ್ಯನ ಸಮೀಪ ಸುಳಿಯುವ ಧೂಮಕೇತು ದಿಗಂತಕ್ಕೆ ಅಂಟಿಕೊಂಡೇ ಇರುತ್ತದೆ. ಮೂಡಣಕ್ಕೆ ಚಾರ್ಮಾಡಿಯ ಬೆಟ್ಟಸಾಲು ಅಡ್ಡ. ಧೂಮಕೇತು ಬೆಟ್ಟ ಏರಿ ಬರುವಷ್ಟರಲ್ಲಿ ಬೆಳಕು ಹರಿದಿರುತ್ತದೆ. ಸಂಜೆಯದಾದರೆ ಬಂಟ್ವಾಳದವರಿಗೆ ಕಾರಿಂಜ ಬೆಟ್ಟವಿದೆ, ಮೂಡುಬಿದಿರೆಯವರಿಗೆ ಕೊಣಾಜೆಕಲ್ಲು. ಅದಕ್ಕೂ ಋತು ಒದಗಿಬರಬೇಕು: 2020ರ ನಿಯೋವೈಸ್ ಧೂಮಕೇತು ಸಂಜೆಯ ಬಾನಿಗೆ ಬಂದದ್ದು ಜುಲೈಯ ಸುರಿಮಳೆಯಲ್ಲಿ.

ಬರಿಗಣ್ಣಿನ ಕಾಲದಲ್ಲಿ ಕಂಡಷ್ಟೇ ಲೆಕ್ಕ. ವರಾಹಮಿಹಿರನ 'ಬೃಹತ್ಸಂಹಿತೆ'ಯಲ್ಲಿ ಕೇತುಗಳಿಗೆಂದೇ ಒಂದು ಅಧ್ಯಾಯವಿದೆ. ಅವು 101 ಎನ್ನುವವರೂ ಸಾವಿರ ಎನ್ನುವವರೂ ಆಗಲೇ ಇದ್ದರು. ಒಡೆಯುವಿಕೆ ಚರ್ಚೆಗೆ ಬಂದದ್ದು ಬಹಳ ತಡವಾಗಿ. 1882ರ ಮಹಾಧೂಮಕೇತು ಸೂರ್ಯನನ್ನು ಸುತ್ತಿ ಹೊರಬಂದಾಗ ಅದರ ನಡುವಿನ ಹಿಮಗಡ್ಡೆ ಹಲವು ತುಂಡಾಗಿತ್ತು. ಜರ್ಮನಿಯ ಹೈನ್ರಿಕ್ ಕ್ರೊಯ್ಟ್ಸ್ ಹೀಗೆ ಸೂರ್ಯನ ಬಳಿ ಸುಳಿಯುವ ಧೂಮಕೇತುಗಳ ಕಕ್ಷೆಗಳನ್ನು ತಾಳೆ ನೋಡಿ, ಇವೆಲ್ಲ ಹಿಂದೆಂದೋ ಒಡೆದ ಒಂದೇ ಧೂಮಕೇತುವಿನ ಸಂತಾನ ಎಂದರು. 1965ರಲ್ಲಿ ಜಪಾನಿನ ಇಬ್ಬರು ಹವ್ಯಾಸಿಗಳು ಪತ್ತೆಹಚ್ಚಿದ ಇಕೆಯಾ–ಸೆಕಿ ಅದೇ ಬಳಗದ್ದು. ಅದು ಹಗಲಲ್ಲೇ ಕಾಣಿಸಿ, ಅಕ್ಟೋಬರ್ 21ರಂದು ಸೂರ್ಯನನ್ನು ಬಳಸಿ, ಚೂರಾಯಿತು.

ನಿಜವಾದ ತಿರುವು 1995ರ ಡಿಸೆಂಬರಿನಲ್ಲಿ ಹಾರಿದ ಸೋಹೋ ನೌಕೆಯದು. ಸೂರ್ಯಬಿಂಬಕ್ಕೆ ತಟ್ಟೆ ಅಡ್ಡ ಹಿಡಿದು ಸುತ್ತಲಿನ ಪ್ರಭೆಯನ್ನು ಚಿತ್ರಿಸುವ ಕೊರೊನಾಗ್ರಾಫ್ ಅದರಲ್ಲಿದೆ. 2024ರ ಮಾರ್ಚ್ ಹೊತ್ತಿಗೆ ಅದರ ಚಿತ್ರಗಳಲ್ಲಿ ಸಿಕ್ಕ ಧೂಮಕೇತುಗಳು 5,000. ಬಹುಪಾಲು ಸಣ್ಣವು, ಸೂರ್ಯನ ಬಳಿಯೇ ಕರಗಿಹೋಗುವಂಥವು.

ಐಸಾನ್ ಧೂಮಕೇತುವಿನ ಕಥೆ ಮಾತ್ರ ಬಿಡಿಸಿ ಹೇಳಬೇಕು. 2012ರ ಸೆಪ್ಟೆಂಬರಿನಲ್ಲಿ ಪತ್ತೆಯಾದ ಕೂಡಲೇ ಪತ್ರಿಕೆಗಳು ಅದಕ್ಕೆ 'ಶತಮಾನದ ಧೂಮಕೇತು' ಎಂಬ ಬಿರುದು ಕೊಟ್ಟವು. 2013ರ ನವೆಂಬರ್ 28ರಂದು ಅದು ಸೂರ್ಯನ ಮೇಲ್ಮೈಯಿಂದ ಸುಮಾರು 12 ಲಕ್ಷ ಕಿ.ಮೀ. ದೂರದಲ್ಲಿ ಹಾಯಬೇಕಿತ್ತು. ಹಾಯುವ ಮೊದಲೇ ಮಂಕಾಯಿತು. ಆಚೆ ಬದಿಯಿಂದ ಹೊರಬಂದದ್ದು ದಿನಗಳಲ್ಲೇ ಚದುರಿಹೋದ ಬರೀ ಧೂಳು. ಧೂಮಕೇತು ಒಡೆಯಲು ಕಾರಣ ಒಂದೇ ಅಲ್ಲ: ಸೂರ್ಯನ ಸೆಳೆತ ಹತ್ತಿರದ ಬದಿಯನ್ನು ಹೆಚ್ಚು ಜಗ್ಗುತ್ತದೆ, ಕಾದ ಹಿಮ ಒಮ್ಮೆಲೇ ಆವಿಯಾಗುತ್ತದೆ, ಚಿಮ್ಮುವ ಅನಿಲ ಗಡ್ಡೆಯನ್ನು ಗಿರ್ರನೆ ತಿರುಗಿಸುತ್ತದೆ. ಯಾವುದರ ಪಾಲು ಎಷ್ಟು ಎಂಬುದು ಗಡ್ಡೆಯ ಗಾತ್ರ, ಗಟ್ಟಿತನಗಳ ಮೇಲೆ ನಿಂತಿದೆ.

ಭವಿಷ್ಯ ನುಡಿಯುವುದರಲ್ಲಿ ತಜ್ಞರೂ ಎಡವುತ್ತಾರೆ. ತ್ಸುಚಿನ್ಶಾನ್–ಅಟ್ಲಾಸ್ ಧೂಮಕೇತು ಛಿದ್ರವಾಗುತ್ತದೆಂದು 2024ರ ಜುಲೈಯಲ್ಲಿ ಧೂಮಕೇತು ತಜ್ಞ ಝೆಡೆನೆಕ್ ಸೆಕಾನಿನಾ ಬರೆದರು. ಅದು ಸೆಪ್ಟೆಂಬರ್ 27ರಂದು ಸೂರ್ಯನನ್ನು ದಾಟಿ ಬದುಕುಳಿದು, ಅಕ್ಟೋಬರಿನ ಮುಸ್ಸಂಜೆಗಳಲ್ಲಿ ಪಡುವಣಕ್ಕೆ ಬಂತು. ಅದೇ ಅಕ್ಟೋಬರ್ 28ರಂದು ಅಟ್ಲಾಸ್ ಹೆಸರಿನದೇ ಇನ್ನೊಂದು ಧೂಮಕೇತು, ಕ್ರೊಯ್ಟ್ಸ್ ಬಳಗದ್ದು, ಸೂರ್ಯನ ಬಳಿ ಪುಡಿಯಾಯಿತು.

ನಮ್ಮವರ ಪಾಲೂ ಇದೆ. 1949ರಲ್ಲಿ ಹಾರ್ವರ್ಡಿನಲ್ಲಿ ವಿದ್ಯಾರ್ಥಿಯಾಗಿದ್ದ ವೇಣು ಬಾಪು ಜೊತೆಗಾರರೊಡನೆ ಧೂಮಕೇತುವೊಂದನ್ನು ಕಂಡುಹಿಡಿದರು. ಅವರು ಮುನ್ನಡೆಸಿದ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯೇ ಸೂರ್ಯನ ಅಧ್ಯಯನದ ನೌಕೆ ಆದಿತ್ಯ–ಎಲ್1ರ ಕೊರೊನಾಗ್ರಾಫನ್ನು ನಿರ್ಮಿಸಿದೆ. ಸೂರ್ಯನ ತ್ರಿಜ್ಯದ 1.05ರಿಂದ 3 ಪಟ್ಟು ದೂರದವರೆಗೆ ಅದರ ನೋಟ. ಐಸಾನ್ ಹಾದ ಜಾಗ ಇದರೊಳಗೇ ಬರುತ್ತದೆ. ಉಪಕರಣವೇನೋ ಪ್ರಭಾವಲಯದ ಅಧ್ಯಯನಕ್ಕೆಂದೇ ಮಾಡಿದ್ದು, ಧೂಮಕೇತುವಿಗಲ್ಲ.

ಸೋಹೋದ ಸಾವಿರಾರು ಧೂಮಕೇತುಗಳಲ್ಲಿ ಹೆಚ್ಚಿನವನ್ನು ಹುಡುಕಿದವರು ಅಂತರ್ಜಾಲದಲ್ಲಿ ಚಿತ್ರ ಜಾಲಾಡುವ ಹವ್ಯಾಸಿಗಳು. ಇದಕ್ಕೆ ಘಟ್ಟವೂ ಮಳೆಯೂ ಅಡ್ಡಿಯಲ್ಲ. ಮೂಡುಬಿದಿರೆಯ ಕಾಲೇಜು ಮಕ್ಕಳು ಕೈಹಾಕಿ ನೋಡಲಿ. ಬೆಟ್ಟ ಹತ್ತಿಯೇ ನೋಡುತ್ತೇವೆ ಎನ್ನುವವರು ಸೂರ್ಯ ಪೂರ್ತಿ ಮುಳುಗುವವರೆಗೆ ಬೈನಾಕ್ಯುಲರನ್ನು ಕಣ್ಣಿಗೆ ಏರಿಸಬೇಡಿ.