ವಿಧಾನ ಯಾರದು? ಪ್ರೌಢಶಾಲೆಯ ಸ್ಟೆಮ್ ಚಟುವಟಿಕೆ ಮತ್ತು ವೈಜ್ಞಾನಿಕ ಸೃಜನಶೀಲತೆ

ನಮ್ಮ ಪ್ರೌಢಶಾಲೆಗಳಲ್ಲಿ ಸ್ಟೆಮ್ ಚಟುವಟಿಕೆಯೆಂದರೆ ಬಹುಮಟ್ಟಿಗೆ ಕಿಟ್ ಜೋಡಿಸುವ ಕೆಲಸ. 2016ರಲ್ಲಿ ಆರಂಭವಾದ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆ 6ರಿಂದ 12ನೇ ತರಗತಿಯ ಮಕ್ಕಳ ಕೈಗೆ ಸೆನ್ಸರ್, ತ್ರೀಡಿ ಪ್ರಿಂಟರುಗಳನ್ನು ತಲುಪಿಸಿದೆ. ಇದು ಸಣ್ಣ ಸಂಗತಿಯಲ್ಲ. ಆದರೆ ಕೈಪಿಡಿಯಲ್ಲಿದ್ದಂತೆ ತಂತಿ ಸೇರಿಸಿ ದೀಪ ಉರಿಸಿದವರು ಮುಖ್ಯವಾಗಿ ಕಲಿಯುವುದು ಸೂಚನೆ ಪಾಲಿಸುವುದನ್ನು. ಪ್ರಯೋಗದ ವಿಧಾನವನ್ನು ಯಾರು ನಿರ್ಧರಿಸುತ್ತಾರೆ ಎಂಬುದೇ ಚಟುವಟಿಕೆಯ ಸೃಜನಶೀಲ ಮೌಲ್ಯವನ್ನು ತೀರ್ಮಾನಿಸುತ್ತದೆ ಎಂಬುದು ಈ ಲೇಖನದ ವಾದ.

ವೈಪಿಂಗ್ ಹು ಮತ್ತು ಫಿಲಿಪ್ ಏಡಿ 2002ರಲ್ಲಿ ಪ್ರಕಟಿಸಿದ ವೈಜ್ಞಾನಿಕ ಸೃಜನಶೀಲತಾ ಪರೀಕ್ಷೆಯಲ್ಲಿ ಏಳು ಪ್ರಶ್ನೆಗಳಿವೆ. ಒಂದು ಪ್ರಶ್ನೆ ಹೀಗಿದೆ: ಎರಡು ಬಗೆಯ ನ್ಯಾಪ್‌ಕಿನ್‌ಗಳಲ್ಲಿ ಯಾವುದು ಉತ್ತಮವೆಂದು ಪರೀಕ್ಷಿಸುವುದು ಹೇಗೆ? ಹೀರುವ ಶಕ್ತಿಯೋ, ಒದ್ದೆಯಾದಾಗ ಹರಿಯದ ಗುಣವೋ, ಉತ್ತಮವೆಂದರೇನೆಂದು ವಿದ್ಯಾರ್ಥಿಯೇ ಮೊದಲು ನಿಶ್ಚಯಿಸಬೇಕು. ಎಷ್ಟು ವಿಚಾರ ಹೊಳೆದವು, ಎಷ್ಟು ದಿಕ್ಕಿನಿಂದ ಹೊಳೆದವು, ಎಷ್ಟು ಅಪರೂಪದವು ಎಂಬುದನ್ನು ನೋಡಿ ಅಂಕ ಕೊಡುತ್ತಾರೆ.

ಇದೇ ಗುಣವನ್ನು ತರಗತಿಯಲ್ಲಿ ಬೆಳೆಸಲು ದಾರ, ನಾಲ್ಕಾರು ನಟ್ಟು, ಮೊಬೈಲಿನ ಸ್ಟಾಪ್‌ವಾಚ್ ಸಾಕು. ಸೂತ್ರ ಹೇಳದೆ, ‘ಸರಿಯಾಗಿ ಒಂದು ಸೆಕೆಂಡಿನಲ್ಲಿ ಹೋಗಿಬರುವ ಲೋಲಕ ಮಾಡಿ’ ಎಂದಷ್ಟೇ ಕೇಳಬೇಕು. ಮಕ್ಕಳು ಮೊದಲು ತೂಕ ಹೆಚ್ಚಿಸಿ ನೋಡುವುದುಂಟು, ಅವಧಿ ಬದಲಾಗದು. (ನಟ್ಟುಗಳನ್ನು ಒಂದರ ಕೆಳಗೊಂದು ಕಟ್ಟಿದರೆ ಲೋಲಕದ ಉದ್ದವೂ ಹೆಚ್ಚಿ ಗೊಂದಲವಾಗುತ್ತದೆ. ಆಗಲಿ, ಅದೂ ಪಾಠವೇ.) ಒಂದು ಮೀಟರಿಗೆ ಸುಮಾರು 2 ಸೆಕೆಂಡ್ ಹಿಡಿಯಿತೆಂದು ಕಂಡವರು ಅರ್ಧ ಮೀಟರಿಗೆ 1 ಸೆಕೆಂಡ್ ಎಂದು ಊಹಿಸಿದರೆ, ಗಡಿಯಾರ 1.4 ತೋರಿಸುತ್ತದೆ. ಉತ್ತರ ಸಿಗುವುದು 25 ಸೆಂ.ಮೀ. ಸುಮಾರಿಗೆ. ಒಂದೇ ಆಂದೋಲನ ಅಳೆದರೆ ಗುಂಡಿ ಒತ್ತುವ ತಡವೇ ಲೆಕ್ಕ ಕೆಡಿಸುತ್ತದೆ. ಇಪ್ಪತ್ತು ಎಣಿಸಿ ಭಾಗಿಸುವ ಉಪಾಯ ಮಕ್ಕಳಲ್ಲೇ ಯಾರಿಗಾದರೂ ಹೊಳೆಯುವತನಕ ಶಿಕ್ಷಕರು ಬಾಯಿ ಬಿಡಬಾರದು. ಪಠ್ಯ ಮುಗಿಸುವ ಅವಸರದಲ್ಲಿ ಇದೇ ಅತ್ಯಂತ ಕಷ್ಟದ ಕೆಲಸ.

ಆದರೂ ಪರೀಕ್ಷೆ ಬದಲಾಗದೆ ಇಂಥ ಬೋಧನೆ ಉಳಿಯಲಾರದು. 1972ರಲ್ಲಿ ಮಧ್ಯಪ್ರದೇಶದ 16 ಶಾಲೆಗಳಲ್ಲಿ ಶುರುವಾದ ಹೊಶಂಗಾಬಾದ್ ವಿಜ್ಞಾನ ಬೋಧನಾ ಕಾರ್ಯಕ್ರಮ ಹಿರಿಯ ಪ್ರಾಥಮಿಕ ಹಂತದ್ದಾದರೂ ಈ ಮರ್ಮ ಅರಿತಿತ್ತು. ಪುಸ್ತಕ ತೆರೆದಿಟ್ಟು ಬರೆಯುವ ಪರೀಕ್ಷೆಯೂ ಪ್ರಾಯೋಗಿಕ ಪರೀಕ್ಷೆಯೂ ಅಲ್ಲಿ ಜೊತೆಗಿದ್ದವು. 2002ರಲ್ಲಿ ಸರ್ಕಾರ ಅದನ್ನು ನಿಲ್ಲಿಸಿತು.

ಕರ್ನಾಟಕದ ಎಸ್ಸೆಸ್ಸೆಲ್ಸಿ ವಿಜ್ಞಾನದಲ್ಲಿ 20 ಅಂಕ ಆಂತರಿಕ ಮೌಲ್ಯಮಾಪನಕ್ಕಿದೆ. ಅದರಲ್ಲಿ 5 ಅಂಕವನ್ನಾದರೂ, ಫಲಿತಾಂಶ ತಪ್ಪಿದರೂ ಸರಿಯೇ, ವಿದ್ಯಾರ್ಥಿ ತಾನೇ ಹೂಡಿದ ಪ್ರಯೋಗ ವಿಧಾನಕ್ಕೆ ಮೀಸಲಿಡಬೇಕು.