ಬ್ಯಾಸ್ಕೆಟ್‌ಬಾಲ್ ಆಟಗಾರನ ವಿನಿಮಯ ಮೌಲ್ಯ: ಅಳೆಯುವುದು ಹೇಗೆ?

2017ರ ಆಗಸ್ಟ್‌ನಲ್ಲಿ ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ಒಂದು ದೊಡ್ಡ ವಿನಿಮಯ ನಡೆಯಿತು. ಬಾಸ್ಟನ್ ಸೆಲ್ಟಿಕ್ಸ್ ತಂಡವು ತನ್ನ ಪ್ರಮುಖ ಆಟಗಾರ ಐಸೇಯಾ ಥಾಮಸ್ ಅವರನ್ನು ಕ್ಲೀವ್‌ಲ್ಯಾಂಡ್ ಕ್ಯಾವಲಿಯರ್ಸ್‌ಗೆ ಬಿಟ್ಟುಕೊಟ್ಟು ಕೈರಿ ಅರ್ವಿಂಗ್ ಅವರನ್ನು ಪಡೆಯಿತು. ಹಿಂದಿನ ಋತುವಿನಲ್ಲಿ ಥಾಮಸ್ ಪ್ರತಿ ಪಂದ್ಯಕ್ಕೆ ಸರಾಸರಿ 28.9 ಅಂಕ ಗಳಿಸಿದ್ದರೆ, ಅರ್ವಿಂಗ್ ಗಳಿಸಿದ್ದು 25.2. ಆದರೂ ಬಾಸ್ಟನ್ ಥಾಮಸ್ ಜೊತೆಗೆ ಜೇ ಕ್ರೌಡರ್, ಆಂಟೆ ಜಿಜಿಚ್ ಎಂಬ ಇನ್ನಿಬ್ಬರು ಆಟಗಾರರನ್ನೂ, ಹೊಸ ಪ್ರತಿಭೆಗಳ ಆಯ್ಕೆಯಾದ ಡ್ರಾಫ್ಟ್‌ನ ಮೊದಲ ಸುತ್ತಿನ ಒಂದು ಹಕ್ಕನ್ನೂ ಸೇರಿಸಿ ಕೊಡಬೇಕಾಯಿತು.

ಹೆಚ್ಚು ಅಂಕ ಗಳಿಸಿದವನ ಬೆಲೆ ಕಡಿಮೆಯಾದದ್ದೇಕೆ? ಆಟಗಾರನ ಸಾಮರ್ಥ್ಯ ಮತ್ತು ಆತನ ವಿನಿಮಯ ಮೌಲ್ಯ ಒಂದೇ ಅಲ್ಲ ಎಂಬುದೇ ಇದಕ್ಕೆ ಉತ್ತರ.

ಏನಿದು ವಿನಿಮಯ ಮೌಲ್ಯ?

ಒಬ್ಬ ಆಟಗಾರನನ್ನು ಬಿಟ್ಟುಕೊಟ್ಟರೆ ಇತರ ತಂಡಗಳಿಂದ ಪ್ರತಿಯಾಗಿ ಏನು ದೊರೆಯಬಹುದು ಎಂಬುದೇ ಆತನ ವಿನಿಮಯ ಮೌಲ್ಯ. ಐಪಿಎಲ್ ಬಲ್ಲ ಕನ್ನಡಿಗರಿಗೆ ಈ ಪದ್ಧತಿ ಅಪರಿಚಿತವೇನಲ್ಲ. 2023ರ ನವೆಂಬರ್‌ನಲ್ಲಿ ಕರ್ನಾಟಕದ ದೇವದತ್ತ ಪಡಿಕ್ಕಲ್ ರಾಜಸ್ಥಾನ ರಾಯಲ್ಸ್‌ನಿಂದ ಲಖನೌಗೆ ಹೋಗಿ, ಅವರ ಬದಲಿಗೆ ಆವೇಶ್ ಖಾನ್ ರಾಜಸ್ಥಾನಕ್ಕೆ ಬಂದದ್ದು ಇಂತಹದೇ ವಹಿವಾಟು. ಆದರೆ ಐಪಿಎಲ್‌ನಲ್ಲಿ ಹರಾಜೇ ಮುಖ್ಯ, ವಿನಿಮಯ ವಿರಳ. 30 ತಂಡಗಳ ಎನ್‌ಬಿಎಯಲ್ಲಿ ಹರಾಜೇ ಇಲ್ಲ. ತಂಡ ಕಟ್ಟುವ ಪ್ರಮುಖ ದಾರಿಗಳಲ್ಲಿ ವಿನಿಮಯವೂ ಒಂದು.

ಆಟಕ್ಕಿಂತ ಒಪ್ಪಂದ ಮುಖ್ಯ

ಎನ್‌ಬಿಎಯಲ್ಲಿ 1984-85ರ ಋತುವಿನಿಂದ ವೇತನ ಮಿತಿ ಜಾರಿಯಲ್ಲಿದೆ. ಮೊದಲ ವರ್ಷ ಪ್ರತಿ ತಂಡಕ್ಕೆ 36 ಲಕ್ಷ ಡಾಲರ್ ಇದ್ದ ಈ ಮಿತಿ, 2025-26ರಲ್ಲಿ ಸುಮಾರು 15.46 ಕೋಟಿ ಡಾಲರ್‌ಗೆ ಏರಿತು. ಇದು ಕಟ್ಟುನಿಟ್ಟಿನ ಮಿತಿಯಲ್ಲ. ಹಲವು ವಿನಾಯಿತಿಗಳಿರುವುದರಿಂದ ಬಹುತೇಕ ತಂಡಗಳು ಇದನ್ನು ದಾಟಿಯೇ ಇರುತ್ತವೆ. ಆದರೆ ದಾಟಿದ ತಂಡಗಳು ವಿನಿಮಯದಲ್ಲಿ ತಾವು ಕೊಡುವ ವೇತನಕ್ಕೆ ಹೆಚ್ಚುಕಡಿಮೆ ಸರಿಹೊಂದುವ ವೇತನವನ್ನೇ ಪಡೆಯಬೇಕು. 2023ರ ಕಾರ್ಮಿಕ ಒಪ್ಪಂದವು ಈ ನಿಯಮವನ್ನು ಮತ್ತಷ್ಟು ಬಿಗಿಗೊಳಿಸಿತು. ಮಿತಿಗಿಂತ ಬಹಳ ಮೇಲಿರುವ ‘ಎರಡನೇ ಏಪ್ರನ್’ ಎಂಬ ಗೆರೆಯನ್ನು ದಾಟಿದ ತಂಡವು ಇಬ್ಬರು ಆಟಗಾರರ ವೇತನವನ್ನು ಒಟ್ಟುಗೂಡಿಸಿ ಒಬ್ಬ ದುಬಾರಿ ಆಟಗಾರನನ್ನು ತರುವಂತಿಲ್ಲ.

ಆದ್ದರಿಂದ ‘ಈತ ಎಷ್ಟು ಚೆನ್ನಾಗಿ ಆಡುತ್ತಾನೆ’ ಎಂಬುದಕ್ಕಿಂತ ‘ಈತ ಪಡೆಯುವ ವೇತನಕ್ಕೆ ಹೋಲಿಸಿದರೆ ಎಷ್ಟು ಚೆನ್ನಾಗಿ ಆಡುತ್ತಾನೆ’ ಎಂಬ ಪ್ರಶ್ನೆಯೇ ಮುಖ್ಯವಾಗುತ್ತದೆ. ಎರಡು ಉದಾಹರಣೆಗಳನ್ನು ನೋಡಬಹುದು.

ಬ್ರಾಡ್ಲಿ ಬೀಲ್ ಮೂರು ಬಾರಿ ಆಲ್‌ಸ್ಟಾರ್ ಗೌರವ ಪಡೆದವರು. ಎರಡು ಋತುಗಳಲ್ಲಿ ಸರಾಸರಿ 30ಕ್ಕಿಂತ ಹೆಚ್ಚು ಅಂಕ ಗಳಿಸಿದವರು. 2022ರಲ್ಲಿ ವಾಷಿಂಗ್ಟನ್ ತಂಡ ಅವರಿಗೆ ಐದು ವರ್ಷಗಳಿಗೆ 25.1 ಕೋಟಿ ಡಾಲರ್ ನೀಡಿತು. ಅವರ ಒಪ್ಪಿಗೆಯಿಲ್ಲದೆ ವಿನಿಮಯ ಮಾಡುವಂತಿಲ್ಲ ಎಂಬ ಅಪರೂಪದ ಷರತ್ತನ್ನೂ ಸೇರಿಸಿತು. ಮರುವರ್ಷ ಅವರನ್ನು ಫೀನಿಕ್ಸ್ ಸನ್ಸ್‌ಗೆ ಕಳುಹಿಸಿದಾಗ ವಾಷಿಂಗ್ಟನ್‌ಗೆ ಮೊದಲ ಸುತ್ತಿನ ನೇರ ಆಯ್ಕೆಯ ಹಕ್ಕು ಒಂದೂ ದೊರೆಯಲಿಲ್ಲ. 2025ರ ಜುಲೈನಲ್ಲಿ ಫೀನಿಕ್ಸ್ ತಂಡ ಹಣ ಕೊಟ್ಟು ಅವರ ಒಪ್ಪಂದವನ್ನೇ ಕೊನೆಗೊಳಿಸಿತು.

ಮಿಕಾಲ್ ಬ್ರಿಜಸ್ ಅವರದು ಇದಕ್ಕೆ ವಿರುದ್ಧವಾದ ಕಥೆ. 2024ರಲ್ಲಿ ಅವರನ್ನು ಪಡೆಯಲು ನ್ಯೂಯಾರ್ಕ್ ನಿಕ್ಸ್ ತಂಡವು ಬ್ರೂಕ್ಲಿನ್‌ಗೆ ಮೊದಲ ಸುತ್ತಿನ ಐದು ಹಕ್ಕುಗಳನ್ನು ಕೊಟ್ಟಿತು. ಬ್ರಿಜಸ್ ಆವರೆಗೆ ಒಮ್ಮೆಯೂ ಆಲ್‌ಸ್ಟಾರ್ ಆಗಿರಲಿಲ್ಲ. ಆದರೆ ಎನ್‌ಬಿಎಗೆ ಬಂದ ಮೇಲೆ ಒಂದೂ ಪಂದ್ಯ ತಪ್ಪಿಸಿರಲಿಲ್ಲ, ಮತ್ತು ಅವರ ವೇತನ ಬೀಲ್ ಅವರ ವೇತನದ ಅರ್ಧದಷ್ಟೂ ಇರಲಿಲ್ಲ.

ವಯಸ್ಸು ಮತ್ತು ಉಳಿದ ವರ್ಷಗಳು

ಮೊದಲ ಸುತ್ತಿನಲ್ಲಿ ಆಯ್ಕೆಯಾದ ಹೊಸಬನಿಗೆ ನಿಗದಿತ ದರದಲ್ಲಿ ಗರಿಷ್ಠ ನಾಲ್ಕು ವರ್ಷಗಳ ಒಪ್ಪಂದವಿರುತ್ತದೆ. ಈ ಅವಧಿಯಲ್ಲಿ ಆತ ತಾರೆಯಾಗಿ ಬೆಳೆದರೆ ತಂಡಕ್ಕೆ ಅಗ್ಗದ ಬೆಲೆಗೆ ಚಿನ್ನ ಸಿಕ್ಕಂತೆ.

2019ರ ಜುಲೈನಲ್ಲಿ ಲಾಸ್ ಏಂಜಲೀಸ್ ಕ್ಲಿಪ್ಪರ್ಸ್ ತಂಡ ಪಾಲ್ ಜಾರ್ಜ್ ಅವರಿಗಾಗಿ ಒಕ್ಲಹೋಮ ಸಿಟಿ ಥಂಡರ್‌ಗೆ ಮೊದಲ ಸುತ್ತಿನ ಐದು ಹಕ್ಕುಗಳು, ಡಾನಿಲೊ ಗಾಲಿನಾರಿ ಮತ್ತು ಒಂದೇ ಋತು ಆಡಿದ್ದ ಶೇ ಗಿಲ್ಜಸ್ ಅಲೆಕ್ಸಾಂಡರ್ ಅವರನ್ನು ಕೊಟ್ಟಿತು. ಜಾರ್ಜ್ ಆಗ 29ರ ಪ್ರಾಯದ ಪ್ರಖ್ಯಾತ ಆಟಗಾರ. ಶೇ ಹೆಸರು ಹೆಚ್ಚಿನವರಿಗೆ ತಿಳಿದಿರಲಿಲ್ಲ. 2025ರಲ್ಲಿ ಥಂಡರ್ ಚಾಂಪಿಯನ್ ಆದಾಗ ಋತುವಿನ ಅತ್ಯುತ್ತಮ ಆಟಗಾರ ಹಾಗೂ ಫೈನಲ್ಸ್‌ನ ಅತ್ಯುತ್ತಮ ಆಟಗಾರ, ಎರಡೂ ಪ್ರಶಸ್ತಿಗಳು ಶೇ ಪಾಲಾದವು. ಅದೇ ವಿನಿಮಯದಲ್ಲಿ ಬಂದ ಹಕ್ಕೊಂದರಿಂದ 2022ರಲ್ಲಿ ಆಯ್ಕೆಯಾದ ಜೇಲನ್ ವಿಲಿಯಮ್ಸ್ ಆ ತಂಡದ ಇನ್ನೊಂದು ಆಧಾರಸ್ತಂಭವಾಗಿದ್ದರು.

ಡ್ರಾಫ್ಟ್ ಹಕ್ಕು ಎಂಬ ನಾಣ್ಯ

ಹೀಗಾಗಿ ಭವಿಷ್ಯದ ಡ್ರಾಫ್ಟ್ ಹಕ್ಕುಗಳೇ ಈ ಮಾರುಕಟ್ಟೆಯ ನಾಣ್ಯಗಳಾಗಿವೆ. ಆದರೆ ಎಲ್ಲ ನಾಣ್ಯಗಳ ತೂಕ ಒಂದೇ ಅಲ್ಲ. ಸೋಲುವ ತಂಡಕ್ಕೆ ಮುಂಚಿನ ಸರದಿ ದೊರೆಯುವುದರಿಂದ, ಹಕ್ಕು ಕೊಟ್ಟ ತಂಡ ಮುಂದೆ ಕುಸಿದಷ್ಟೂ ಆ ಹಕ್ಕಿನ ಬೆಲೆ ಏರುತ್ತದೆ. ಇದರಿಂದ ಪಾರಾಗಲು ‘ಮೊದಲ ಹತ್ತರೊಳಗೆ ಬಂದರೆ ಹಕ್ಕು ನಮ್ಮಲ್ಲೇ ಉಳಿಯುತ್ತದೆ’ ಎಂಬಂತಹ ರಕ್ಷಣಾ ಷರತ್ತುಗಳನ್ನು ತಂಡಗಳು ಹಾಕುವುದುಂಟು. 1980ರ ದಶಕದ ಆರಂಭದಲ್ಲಿ ಕ್ಲೀವ್‌ಲ್ಯಾಂಡ್ ಮಾಲೀಕ ಟೆಡ್ ಸ್ಟೆಪಿಯನ್ ಹಕ್ಕುಗಳನ್ನು ಮನಬಂದಂತೆ ಕೊಟ್ಟು ತಂಡವನ್ನು ಬರಿದು ಮಾಡಿದರು. ಆ ಬಳಿಕ, ಮುಂಬರುವ ಎರಡು ಸತತ ವರ್ಷಗಳಲ್ಲಿ ಮೊದಲ ಸುತ್ತಿನ ಹಕ್ಕಿಲ್ಲದಂತೆ ಯಾವ ತಂಡವೂ ವಿನಿಮಯ ಮಾಡಬಾರದೆಂಬ ನಿಯಮ ಬಂತು. ಅದಕ್ಕೆ ಇಂದಿಗೂ ಅವರದೇ ಹೆಸರು.

2013ರಲ್ಲಿ ಬ್ರೂಕ್ಲಿನ್ ನೆಟ್ಸ್, 37 ವರ್ಷದ ಕೆವಿನ್ ಗಾರ್ನೆಟ್ ಮತ್ತು 35 ವರ್ಷದ ಪಾಲ್ ಪಿಯರ್ಸ್ ಅವರಿಗಾಗಿ ಬಾಸ್ಟನ್‌ಗೆ ಮೊದಲ ಸುತ್ತಿನ ಮೂರು ಹಕ್ಕುಗಳನ್ನೂ, 2017ರ ಸರದಿಯನ್ನು ಅದಲುಬದಲು ಮಾಡಿಕೊಳ್ಳುವ ಅವಕಾಶವನ್ನೂ ಕೊಟ್ಟಿತು. ಹಿರಿಯರಿಬ್ಬರೂ ಬೇಗನೆ ಮರೆಯಾದರು. ಬಾಸ್ಟನ್ ಆ ಹಕ್ಕುಗಳ ಬಲದಿಂದ ಜೇಲನ್ ಬ್ರೌನ್ ಮತ್ತು ಜೇಸನ್ ಟೇಟಮ್ ಅವರನ್ನು ಪಡೆದು, 2024ರಲ್ಲಿ ಚಾಂಪಿಯನ್ ಆಯಿತು. ಉಳಿದಿದ್ದ 2018ರ ಹಕ್ಕೇ ಥಾಮಸ್ ಜೊತೆಗೆ ಕ್ಲೀವ್‌ಲ್ಯಾಂಡ್‌ಗೆ ಹೋದದ್ದು.

ಕೊಳ್ಳುವವನ ಅಗತ್ಯ

ಕೊಳ್ಳುವವನ ತುರ್ತು ಬೆಲೆಯನ್ನು ಏರಿಸುತ್ತದೆ. ಜಾರ್ಜ್ ಬಂದರೆ ಮಾತ್ರ ಕವಾಯ್ ಲೆನಾರ್ಡ್ ಕೂಡ ತಮ್ಮ ತಂಡ ಸೇರುತ್ತಾರೆಂಬುದು ಕ್ಲಿಪ್ಪರ್ಸ್‌ಗೆ ತಿಳಿದಿತ್ತು. ಹಾಗಾಗಿಯೇ ಅಷ್ಟು ದೊಡ್ಡ ಬೆಲೆ ತೆರಲು ಒಪ್ಪಿತು. ಇನ್ನು, ಹಲವರನ್ನು ವಿಚಾರಿಸದೆ ಒಬ್ಬನಿಗೇ ಮಾರುವವನಿಗೆ ನ್ಯಾಯವಾದ ಬೆಲೆ ಸಿಗುವುದು ಕಷ್ಟ. 2025ರ ಫೆಬ್ರುವರಿಯಲ್ಲಿ ಡಲ್ಲಾಸ್ ಮ್ಯಾವರಿಕ್ಸ್ ತಂಡವು 25 ವರ್ಷದ ಲೂಕಾ ಡಾನ್ಚಿಚ್ ಅವರನ್ನು ಗುಟ್ಟಾಗಿ ಲೇಕರ್ಸ್‌ಗೆ ಕೊಟ್ಟು, 31 ವರ್ಷದ ಆಂಟನಿ ಡೇವಿಸ್, ಮ್ಯಾಕ್ಸ್ ಕ್ರಿಸ್ಟಿ ಮತ್ತು ಮೊದಲ ಸುತ್ತಿನ ಒಂದೇ ಒಂದು ಹಕ್ಕನ್ನು ಪಡೆಯಿತು. ಬ್ರಿಜಸ್‌ಗೆ ಐದು, ಡಾನ್ಚಿಚ್‌ಗೆ ಒಂದು! ಅಭಿಮಾನಿಗಳು ಸಿಡಿದೆದ್ದರು. ಅದೇ ವರ್ಷದ ನವೆಂಬರ್‌ನಲ್ಲಿ ತಂಡದ ಜನರಲ್ ಮ್ಯಾನೇಜರ್ ನಿಕೊ ಹ್ಯಾರಿಸನ್ ಹುದ್ದೆ ಕಳೆದುಕೊಂಡರು.

ಆಟಗಾರನ ಪಾಲಿಗೆ ಏನು?

ಐಪಿಎಲ್ ವಿನಿಮಯಕ್ಕೆ ಆಟಗಾರನ ಸಮ್ಮತಿ ಬೇಕು. ಎನ್‌ಬಿಎಯಲ್ಲಿ, ಬೀಲ್ ಅವರಂತಹ ಕೆಲವರನ್ನು ಬಿಟ್ಟರೆ, ಯಾರನ್ನೂ ಕೇಳಬೇಕಾಗಿಲ್ಲ. ಡಾನ್ಚಿಚ್ ಅವರಿಗೂ ಮುನ್ಸೂಚನೆ ಇರಲಿಲ್ಲ. ಊರಷ್ಟೇ ಅಲ್ಲ, ತನ್ನನ್ನು ಬೆಳೆಸಿದ ತಂಡದಲ್ಲಿ ಉಳಿದವರಿಗೆ ಮಾತ್ರ ದೊರೆಯುವ ಅತಿ ದೊಡ್ಡ ಒಪ್ಪಂದದ ಅವಕಾಶವೂ ಅವರ ಕೈತಪ್ಪಿತು.

ಈಗ ಥಾಮಸ್ ಅವರ ಲೆಕ್ಕಕ್ಕೆ ಮರಳೋಣ. ಅವರಿಗೆ 28 ವರ್ಷ, ಅರ್ವಿಂಗ್‌ಗೆ 25. ಥಾಮಸ್ ಒಪ್ಪಂದದಲ್ಲಿ ಉಳಿದಿದ್ದುದು ಒಂದೇ ವರ್ಷ, ಎತ್ತರ ಕೇವಲ 5 ಅಡಿ 9 ಅಂಗುಲ. ಎಲ್ಲಕ್ಕಿಂತ ಮಿಗಿಲಾಗಿ ಸೊಂಟದ ಕೀಲಿನ ಗಾಯ. ವೈದ್ಯಕೀಯ ಪರೀಕ್ಷೆಯ ನಂತರ ಕ್ಲೀವ್‌ಲ್ಯಾಂಡ್ ಪಟ್ಟುಹಿಡಿದು, ಎರಡನೇ ಸುತ್ತಿನ ಇನ್ನೊಂದು ಹಕ್ಕನ್ನೂ ಪಡೆಯಿತು. ಲೆಕ್ಕ ತಪ್ಪಿರಲಿಲ್ಲ. ಥಾಮಸ್ ಅಲ್ಲಿ ಆಡಿದ್ದು 15 ಪಂದ್ಯ ಮಾತ್ರ. 2018ರ ಫೆಬ್ರುವರಿಯಲ್ಲಿ ಅವರನ್ನು ಲೇಕರ್ಸ್‌ಗೆ ಸಾಗಹಾಕಲಾಯಿತು. ಆ ಬೇಸಿಗೆಯಲ್ಲಿ ಅವರು ಡೆನ್ವರ್ ತಂಡದೊಂದಿಗೆ ಕನಿಷ್ಠ ವೇತನಕ್ಕೆ ಸಹಿ ಹಾಕಿದರು.

ಆ ಗಾಯದೊಂದಿಗೇ, 2017ರ ಏಪ್ರಿಲ್‌ನಲ್ಲಿ ತಂಗಿ ಅಪಘಾತದಲ್ಲಿ ತೀರಿಕೊಂಡ ಮರುದಿನವೇ, ಅವರು ಬಾಸ್ಟನ್ ಪರವಾಗಿ ಅಂಗಳಕ್ಕಿಳಿದಿದ್ದರು. ನಾಲ್ಕು ತಿಂಗಳಲ್ಲಿ ಬಾಸ್ಟನ್ ಅವರನ್ನು ಕಳುಹಿಸಿತು. ವಯಸ್ಸು, ವೇತನ, ಗಾಯ, ಉಳಿದ ವರ್ಷ ಎಲ್ಲಕ್ಕೂ ವಿನಿಮಯದ ತಕ್ಕಡಿಯಲ್ಲಿ ತೂಕವುಂಟು. ತಂಡಕ್ಕಾಗಿ ಸವೆಸಿದ ದೇಹಕ್ಕೆ ಮಾತ್ರ ಅಲ್ಲಿ ಬೆಲೆ ಏರುವುದಿಲ್ಲ, ಇಳಿಯುತ್ತದೆ.